ಕಳೆ ಸವರುವ ಯಂತ್ರ: ಆ್ಯಕ್ಸಿಲರೇಟರ್ ಬಿಟ್ಟೊಡನೆ ನಿಂತುಹೋಗುತ್ತದೆ, ಐಡ್ಲಿಂಗ್ ಕೂರುತ್ತಿಲ್ಲ

ತೀರ್ಥಹಳ್ಳಿ ತೋಟ:

ಎಲ್ಲರಿಗೂ ನಮಸ್ಕಾರ. ನಮ್ಮದು ಎರಡು ಎಕರೆ ಅಡಿಕೆ ತೋಟ. ಮೂರು ವರ್ಷದ ಹಿಂದೆ ಕೊಂಡ, ಹೆಗಲಿಗೆ ಹಾಕಿಕೊಳ್ಳುವ 35 ಸಿಸಿ ಕಳೆ ಯಂತ್ರವಿದೆ. ನಾಲ್ಕು ಸ್ಟ್ರೋಕಿನದು, ಪೆಟ್ರೋಲಿಗೆ ಆಯಿಲ್ ಬೆರೆಸುವ ಅಗತ್ಯವಿಲ್ಲದ್ದು. ಜೂನ್ ಮೊದಲ ವಾರ ಒಂದು ಸಲ ಹುಲ್ಲು ಸವರಿ ಕೊಟ್ಟಿಗೆಯ ಅಟ್ಟದ ಮೇಲೆ ಇಟ್ಟಿದ್ದೆವು. ಇನ್ನು ಮೂರು ವಾರದಲ್ಲಿ ಅಡಿಕೆ ಗೊನೆಯ ಕೊಯ್ಲು. ಹುಲ್ಲು ಮೊಣಕಾಲೆತ್ತರ ಬೆಳೆದಿದೆ, ಉದುರಿದ ಅಡಿಕೆ ಅದರೊಳಗೆ ಬಿದ್ದರೆ ಹೆಕ್ಕುವುದು ಹೇಗೆ?

ಮೊನ್ನೆ ಇಳಿಸಿ ಹಗ್ಗ ಎಳೆದೆ. ಚೋಕ್ ಹಾಕಿದರೆ ಮೂರನೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ. ಚೋಕ್ ತೆಗೆದೊಡನೆ ಶಬ್ದ ಉಯ್ಯಾಲೆಯಂತೆ ಏರಿ ಇಳಿಯುತ್ತದೆ. ಆ್ಯಕ್ಸಿಲರೇಟರ್ ಒತ್ತಿ ಹಿಡಿದರೆ ಚೆನ್ನಾಗಿಯೇ ಓಡುತ್ತದೆ, ಬಿಟ್ಟರೆ ಎರಡು ಕ್ಷಣ ತಡವರಿಸಿ ನಿಂತುಹೋಗುತ್ತದೆ. ಏರ್ ಫಿಲ್ಟರ್ ತೊಳೆದೆ, ಹೊಸ ಪ್ಲಗ್ ಹಾಕಿದೆ. ಐಡ್ಲಿಂಗ್, ಅಂದರೆ ಕೈ ಬಿಟ್ಟಾಗಿನ ನಿಧಾನ ಓಟದ ಸ್ಕ್ರೂ ತಿರುಗಿಸಿ ತಿರುಗಿಸಿ ಎಂಜಿನ್ ಸಾಯದಂತೆ ಹೇಗೋ ಉಳಿಸಿಕೊಂಡೆ, ಆದರೆ ಈಗ ಕೈ ಬಿಟ್ಟರೂ ಬ್ಲೇಡ್ ತಿರುಗುತ್ತಲೇ ಇರುತ್ತದೆ. ಪೇಟೆಯ ವರ್ಕ್‌ಶಾಪ್ ಒಂದರಲ್ಲಿ ತೋರಿಸಿದೆ. "ಪಿಸ್ಟನ್ ರಿಂಗ್ ಹೋಗಿದೆ, ಎಂಜಿನ್ ಬಿಚ್ಚಬೇಕು, ಹದಿನೈದು ದಿನ ಬಿಟ್ಟು ಹೋಗಿ" ಎಂದರು. ನನಗೆ ನಂಬಿಕೆ ಬರಲಿಲ್ಲ, ವಾಪಸ್ ತಂದೆ. ತಿಳಿದವರು ದಾರಿ ಹೇಳಬೇಕು.

ಕೊಪ್ಪದ ಮೆಕ್ಯಾನಿಕ್:

ಅಣ್ಣ, ಬೇರೆ ಮಾತು ಆಮೇಲೆ. ಮೊದಲು ಆ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ. ಕೈ ಬಿಟ್ಟಾಗ ಬ್ಲೇಡ್ ನಿಲ್ಲಲೇಬೇಕು. ಎಂಜಿನ್ ನಿಧಾನವಾಗಿ ಓಡುವಾಗ ಕ್ಲಚ್ ಹಿಡಿಯಬಾರದು ಎಂಬ ಲೆಕ್ಕದಲ್ಲಿಯೇ ಈ ಯಂತ್ರಗಳನ್ನು ಕಟ್ಟಿರುತ್ತಾರೆ. ಐಡ್ಲಿಂಗ್ ಏರಿಸಿ ನಿಲ್ಲಿಸಿದರೆ, ಬದಿಯಲ್ಲಿ ಸೊಪ್ಪು ಹೆಕ್ಕುತ್ತಿರುವವರ ಕಾಲಿಗೆ ಅಪಾಯ. ಇಂತಹ ಗಾಯವನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ.

ರಿಂಗ್ ಹೋಗಿದ್ದರೆ ಹಗ್ಗ ಎಳೆಯುವಾಗ ಕೈಗೆ ಬಿಗಿಯೇ ಸಿಗುವುದಿಲ್ಲ, ತಣ್ಣಗಿರುವಾಗ ಮೂರನೇ ಎಳೆತಕ್ಕೆ ಹತ್ತುವುದಿಲ್ಲ, ಪೂರ್ತಿ ಒತ್ತಿದರೂ ಹುಲ್ಲಿನಲ್ಲಿ ಸೊರಗುತ್ತದೆ. ನಿಮ್ಮದು ಒತ್ತಿದಾಗ ಚೆನ್ನಾಗಿ ಓಡುತ್ತಿದೆ. ಎಂಜಿನ್ ಬಿಚ್ಚಿಸಬೇಡಿ.

ಮೂರು ಪ್ರಶ್ನೆಗೆ ಉತ್ತರ ಕೊಡಿ. ಟ್ಯಾಂಕಿನಲ್ಲಿರುವ ಪೆಟ್ರೋಲ್ ಯಾವಾಗಿನದು? ಚೋಕ್ ಕಡ್ಡಿಯನ್ನು ಅರ್ಧಕ್ಕೆ ನಿಲ್ಲಿಸಿದರೆ ಓಟ ಸಮವಾಗುತ್ತದೆಯೇ, ಇನ್ನೂ ಕೆಡುತ್ತದೆಯೇ? ಹೊಗೆ ಕಪ್ಪಾಗಿದೆಯೇ?

ಎರಡನೆಯ ಪ್ರಶ್ನೆಯಲ್ಲಿ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಚೋಕ್ ಗಾಳಿಯನ್ನು ತಡೆಯುತ್ತದೆ, ಆದ್ದರಿಂದ ಅರ್ಧ ಚೋಕಿನಲ್ಲಿ ಸಮವಾದರೆ ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲಿಂದಲೋ ಕಳ್ಳಗಾಳಿ ನುಗ್ಗುತ್ತಿದೆ. ಚೋಕ್ ಹಾಕಿದಷ್ಟೂ ಉಸಿರುಗಟ್ಟಿ ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚಾಗಿದೆ, ಆಗ ಏರ್ ಫಿಲ್ಟರ್ ಕಡೆ ನೋಡಬೇಕು.

ತೀರ್ಥಹಳ್ಳಿ ತೋಟ:

ಸ್ಕ್ರೂ ಹಿಂದಕ್ಕೆ ತಿರುಗಿಸಿದೆ. ಅರ್ಧ ಚೋಕಿನಲ್ಲಿ ಓಟ ತಕ್ಷಣ ಸಮವಾಗುತ್ತದೆ, ಕೈ ಬಿಟ್ಟರೂ ನಿಲ್ಲುವುದಿಲ್ಲ. ಹೊಗೆ ಇಲ್ಲ. ಪೆಟ್ರೋಲ್ ಜೂನಿನದು. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಪಂಪಿಗೆಂದು ಐದು ಲೀಟರ್ ಕ್ಯಾನ್ ತುಂಬಿಸಿಟ್ಟಿದ್ದೆವು, ಅದನ್ನೇ ಇದಕ್ಕೂ ಹಾಕಿದ್ದು. ಟ್ಯಾಂಕಿನಲ್ಲಿಯೂ ಅದೇ ಉಳಿದಿತ್ತು.

ನಿವೃತ್ತ ಐಟಿಐ ಮೇಷ್ಟ್ರು:

ಹಾಗಾದರೆ ರೋಗ ಅರ್ಧ ಸಿಕ್ಕಿತು. ಒತ್ತಿದಾಗ ಓಡುವುದು, ಬಿಟ್ಟಾಗ ಸಾಯುವುದು ಏಕೆ ಎಂಬುದನ್ನು ಬಿಡಿಸಿ ಹೇಳುತ್ತೇನೆ. ಇದು ತಿಳಿದರೆ ಮುಂದಿನ ಕೆಲಸ ಕುರುಡಾಗಿ ಮಾಡಿದಂತಾಗುವುದಿಲ್ಲ.

ಕಾರ್ಬುರೇಟರ್ ಎಂದರೆ ಗಾಳಿ ಹೋಗುವ ಒಂದು ಕೊಳವೆ, ನಡುವೆ ತಿರುಗುವ ಒಂದು ಚಿಟ್ಟೆಬಾಗಿಲು. ನೀವು ಆ್ಯಕ್ಸಿಲರೇಟರ್ ಒತ್ತಿದಾಗ ಬಾಗಿಲು ತೆರೆದು ಗಾಳಿ ರಭಸವಾಗಿ ಹೋಗುತ್ತದೆ, ದೊಡ್ಡ ಜೆಟ್ಟಿನಿಂದ, ಅಂದರೆ ಪೆಟ್ರೋಲ್ ಚಿಮ್ಮುವ ತೂತಿನಿಂದ, ಪೆಟ್ರೋಲ್ ಎಳೆದುಕೊಳ್ಳುತ್ತದೆ. ಕೈ ಬಿಟ್ಟಾಗ ಬಾಗಿಲು ಮುಚ್ಚುತ್ತದೆ, ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಮಾತ್ರ. ಆಗ ದೊಡ್ಡ ಜೆಟ್ಟಿಗೆ ಎಳೆತವೇ ಇಲ್ಲ. ಬಾಗಿಲ ಅಂಚಿನ ಬಳಿ ಕೊರೆದಿರುವ ಅತಿ ಸಣ್ಣ ರಂಧ್ರಗಳಿಂದ ಬರುವ ಪೆಟ್ರೋಲ್ ಒಂದೇ ಆಧಾರ. ಲಾನ್ ಮೂವರಿನಂತಹ ಎಂಜಿನ್ನುಗಳಲ್ಲಿ ಈ ಐಡಲ್ ಜೆಟ್ಟಿನ ತೂತು ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದು. ಹಳೆಯ ಪೆಟ್ರೋಲಿನ ಒಂದು ತೆಳು ಪೊರೆ ಸಾಕು, ದೊಡ್ಡ ಜೆಟ್ಟಿಗೆ ಏನೂ ಆಗುವುದಿಲ್ಲ, ಚಿಕ್ಕದು ಮುಚ್ಚಿಹೋಗುತ್ತದೆ.

ಪೆಟ್ರೋಲ್ ನಾಲ್ಕು ತಿಂಗಳಲ್ಲಿ ಕೆಡುತ್ತದೆಯೇ ಎಂದು ಬಹಳ ಜನ ಕೇಳುತ್ತಾರೆ. ಕೆಡುತ್ತದೆ. ಬೇಗ ಆವಿಯಾಗುವ ಅಂಶ ಮೊದಲು ಹಾರಿಹೋಗುತ್ತದೆ, ಉಳಿದದ್ದು ಗಾಳಿ ತಾಗಿ ಅಂಟಾಗುತ್ತದೆ. ಅದರ ಮೇಲೆ ಈಗ ಎಥನಾಲ್ ಇದೆ. 2022ರಲ್ಲಿ ದೇಶ ಶೇಕಡಾ 10ರ ಮಿಶ್ರಣ ಮುಟ್ಟಿತು, 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಶೇಕಡಾ 20ರ ಇ20 ಪೆಟ್ರೋಲನ್ನು ಬಿಡುಗಡೆ ಮಾಡಿದರು. ಇಂತಹ ಸಣ್ಣ ಎಂಜಿನ್ನುಗಳ ಕೈಪಿಡಿ ತೆರೆದು ನೋಡಿ, ಅನೇಕವುಗಳಲ್ಲಿ "ಎಥನಾಲ್ ಶೇಕಡಾ 10 ಮೀರಬಾರದು" ಎಂದೇ ಬರೆದಿರುತ್ತದೆ. ಎಥನಾಲ್ ಗಾಳಿಯಲ್ಲಿರುವ ನೀರನ್ನು ಹೀರುತ್ತದೆ. ಆಷಾಢದ ಮಲೆನಾಡಿನಲ್ಲಿ ಉಪ್ಪಿನ ಭರಣಿಯೇ ನೀರಾಗುತ್ತದೆ, ಮುಚ್ಚಳ ಸಡಿಲವಾದ ಕ್ಯಾನಿನ ಗತಿ ಏನು? ನೀರು ಒಂದು ಹಂತ ದಾಟಿತೆಂದರೆ ಎಥನಾಲ್ ನೀರಿನ ಜೊತೆ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತದೆ. ಎಂಜಿನ್ನಿಗೆ ಪೆಟ್ರೋಲ್ ಹೀರುವ ಪೈಪ್ ಇರುವುದೂ ತಳದಲ್ಲಿಯೇ.

ಪರೀಕ್ಷೆ ಸುಲಭ. ಕ್ಯಾನನ್ನು ಚೆನ್ನಾಗಿ ಅಲುಗಾಡಿಸಿ ಬಿಳಿ ಗಾಜಿನ ಸೀಸೆಗೆ ಸ್ವಲ್ಪ ಬಗ್ಗಿಸಿ, ಮುಚ್ಚಳ ಹಾಕಿ, ಬೆಂಕಿಯಿಂದ ದೂರ ಒಂದು ರಾತ್ರಿ ಅಲುಗಿಸದೆ ಇಡಿ. ಬೆಳಗ್ಗೆ ಬೆಳಕಿಗೆ ಹಿಡಿದಾಗ ನಡುವೆ ಗೆರೆ ಕಂಡರೆ ಆ ಪೆಟ್ರೋಲ್ ಯಾವ ಯಂತ್ರಕ್ಕೂ ಬೇಡ.

ಓಹಾಯೋ ಕನ್ನಡಿಗ:

ಮೇಷ್ಟ್ರೇ, ನೀವು ಹೇಳಿದ್ದು ಇಲ್ಲಿನ ನನ್ನ ಹುಲ್ಲುಹಾಸಿನ ಯಂತ್ರಕ್ಕೂ ಅಕ್ಷರಶಃ ಹೊಂದುತ್ತದೆ. ಅಲ್ಲಿ ಮಳೆಗಾಲ ಮಾಡುವುದನ್ನು ಇಲ್ಲಿ ಚಳಿಗಾಲ ಮಾಡುತ್ತದೆ. ಅಕ್ಟೋಬರ್ ಕೊನೆಗೆ ಗ್ಯಾರೇಜಿನಲ್ಲಿ ನಿಲ್ಲಿಸಿದ ಯಂತ್ರವನ್ನು ಏಪ್ರಿಲಿನಲ್ಲಿ ತೆಗೆದರೆ ಇದೇ ಏರಿಳಿತ. ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇಕಡಾ 10 ಎಥನಾಲ್ ಇರುತ್ತದೆ.

ನನ್ನದು ತಳ್ಳಿಕೊಂಡು ಹೋಗುವ ಲಾನ್ ಮೂವರ್. ಇದರ ಕಾರ್ಬುರೇಟರಿನ ಕೆಳಗೆ ಪೆಟ್ರೋಲ್ ನಿಲ್ಲುವ ಪುಟ್ಟ ಬಟ್ಟಲಿದೆ, ಅದರಲ್ಲಿ ಫ್ಲೋಟ್ ತೇಲುತ್ತದೆ. ಪ್ಲಗ್ ವೈರ್ ಕಿತ್ತು ಬದಿಗಿಟ್ಟು, ಪೆಟ್ರೋಲ್ ಕಾಕ್ ಮುಚ್ಚಿ, ಒಂದೇ ಬೋಲ್ಟ್ ಬಿಚ್ಚಿದರೆ ಬಟ್ಟಲು ಕೈಗೆ ಬರುತ್ತದೆ. ನನ್ನ ಬಟ್ಟಲಿನ ತಳದಲ್ಲಿ ಸೀಗಡಿ ಮೊಟ್ಟೆಯಂತಹ ಬಿಳಿ ಕಣಗಳು, ಅವುಗಳ ಮೇಲೆ ಲೋಳೆ. ಐಡಲ್ ಜೆಟ್ ಇದ್ದದ್ದು ಐಡ್ಲಿಂಗ್ ಸ್ಕ್ರೂವಿನ ಅಡಿಯಲ್ಲಿ, ಕಪ್ಪು ಪ್ಲಾಸ್ಟಿಕ್ಕಿನ ಪುಟ್ಟ ತುಂಡು. ಸ್ಕ್ರೂ ಪೂರ್ತಿ ತೆಗೆದ ಮೇಲೆ ಮೆಲ್ಲಗೆ ಮೀಟಿ ಎತ್ತಿದೆ. ಕಿಟಕಿಯ ಬೆಳಕಿಗೆ ಹಿಡಿದರೆ ತೂತು ಕಾಣಲೇ ಇಲ್ಲ. ವಿದ್ಯುತ್ ವೈರಿನ ಒಂದೇ ಒಂದು ತಾಮ್ರದ ಎಳೆ ತೂರಿಸಿ, ಕಾರ್ಬುರೇಟರ್ ಕ್ಲೀನರ್ ಹಾಯಿಸಿ ಮತ್ತೆ ಹಿಡಿದೆ. ಸೂಜಿಮೊನೆಯಷ್ಟು ದುಂಡನೆಯ ಬೆಳಕು! ಜೋಡಿಸಿದ ಮೇಲೆ ಎರಡನೆಯ ಎಳೆತಕ್ಕೆ ಗಡಿಯಾರದಂತೆ ಓಡಿತು.

ಯಂತ್ರವನ್ನು ಓರೆ ಮಾಡುವಾಗ ಕಾರ್ಬುರೇಟರ್ ಇರುವ ಬದಿ ಮೇಲಕ್ಕೆ ಬರಬೇಕು. ಮೊದಲ ವರ್ಷ ನಾನು ಕೆಳಕ್ಕೆ ಮಾಡಿದ್ದರಿಂದ ಆಯಿಲ್ ಹರಿದು ಏರ್ ಫಿಲ್ಟರ್ ತೊಯ್ದು ಹೋಗಿತ್ತು.

ಕೊಪ್ಪದ ಮೆಕ್ಯಾನಿಕ್:

ಓಹಾಯೋದ ಅಣ್ಣ ಹೇಳಿದ್ದು ಸರಿ, ಆದರೆ ತೀರ್ಥಹಳ್ಳಿಯವರು ಅದನ್ನು ಹಾಗೆಯೇ ಮಾಡಬಾರದು. ಹೆಗಲ ಯಂತ್ರವನ್ನು ಹೇಗೆ ಬೇಕೋ ಹಾಗೆ ಓರೆ ಮಾಡಿ ಓಡಿಸುವುದರಿಂದ ಅದರಲ್ಲಿ ಬಟ್ಟಲೂ ಇಲ್ಲ, ಫ್ಲೋಟೂ ಇಲ್ಲ. ತೆಳ್ಳನೆಯ ಡಯಾಫ್ರಾಂ ಹಾಳೆಗಳೇ ಪೆಟ್ರೋಲ್ ಎಳೆದು ಅಳೆದು ಕೊಡುತ್ತವೆ. ಒಳಗೆ ಪುಟ್ಟ ವಾಲ್ವ್ ಇರುತ್ತದೆ, ಅಲ್ಲಿಗೆ ವೈರ್ ತೂರಿಸಿದರೆ ಹರಿದುಹೋಗುತ್ತದೆ. ಡಯಾಫ್ರಾಂ ಒಳಗಿರುವಾಗ ಕಂಪ್ರೆಸರ್ ಗಾಳಿ ಹೊಡೆಯುವುದೂ ತಪ್ಪು.

ಇನ್ನು ತಾಮ್ರದ ಎಳೆಯ ವಿಷಯ. ತಾಮ್ರ ಮೆದು, ಒಪ್ಪುತ್ತೇನೆ. ಆದರೆ ಗುಂಡುಸೂಜಿ, ಸೇಫ್ಟಿ ಪಿನ್, ಗಿಟಾರ್ ತಂತಿ ಯಾವುದನ್ನೂ ಜೆಟ್ಟಿಗೆ ಹಾಕಬೇಡಿ. ಹಿತ್ತಾಳೆ ಸವೆದು ತೂತು ದೊಡ್ಡದಾದರೆ ಮತ್ತೆ ಸರಿಪಡಿಸಲು ಆಗುವುದಿಲ್ಲ, ಜೆಟ್ಟನ್ನೇ ಬದಲಿಸಬೇಕು.

ಶಿರಸಿ ತೋಟಗಾತಿ:

ಕಾರ್ಬುರೇಟರ್ ಬಿಚ್ಚುವುದಕ್ಕೆ ಮುಂಚೆ ಹತ್ತು ನಿಮಿಷದ ಕೆಲಸ ಒಂದಿದೆ, ಅದನ್ನು ಯಾರೂ ಹೇಳಲಿಲ್ಲ. ಹನ್ನೊಂದು ವರ್ಷದಿಂದ ನನ್ನ ತೋಟದ ಹುಲ್ಲನ್ನು ನಾನೇ ಸವರುತ್ತಿದ್ದೇನೆ. ಈ ತೊಂದರೆ ಮೂರು ಸಲ ಬಂದಿದೆ, ಅದರಲ್ಲಿ ಎರಡು ಸಲ ಕಾರ್ಬುರೇಟರಿನದು ತಪ್ಪೇ ಇರಲಿಲ್ಲ.

ಕಾರ್ಬುರೇಟರಿನ ಕೆಳಗಿರುವ ರಬ್ಬರ್ ಗುಳ್ಳೆಯನ್ನು ಎಂಟು ಹತ್ತು ಸಲ ಒತ್ತಿ, ಪಾರದರ್ಶಕ ಪೈಪನ್ನೇ ನೋಡುತ್ತಿರಿ. ಮೊದಲು ಗಾಳಿಗುಳ್ಳೆ ಬಂದು ಆಮೇಲೆ ಬರಿಯ ಪೆಟ್ರೋಲ್ ಹರಿಯಬೇಕು. ಎಷ್ಟು ಒತ್ತಿದರೂ ಗಾಳಿಗುಳ್ಳೆ ನಿಲ್ಲದಿದ್ದರೆ ಪೈಪ್ ಬಿರಿದಿದೆ ಅಥವಾ ಟ್ಯಾಂಕಿನೊಳಗಿನ ಫಿಲ್ಟರಿನ ಕುತ್ತಿಗೆ ಸಡಿಲವಾಗಿದೆ. ಆಮೇಲೆ ಟ್ಯಾಂಕಿನ ಮುಚ್ಚಳ ಸ್ವಲ್ಪ ಸಡಿಲಿಸಿ, ಯಂತ್ರವನ್ನು ನೆಲದ ಮೇಲೆ ನೆಟ್ಟಗೆ ಇಟ್ಟುಕೊಂಡೇ ಓಡಿಸಿ ನೋಡಿ. ಆಗ ಸರಿಯಾದರೆ ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡಿದೆ. ಹಳೆಯ ಪೆಟ್ರೋಲ್ ಪೂರ್ತಿ ಬಸಿದು ಹೊಸದು ಹಾಕಿದ ಮೇಲೆಯೇ ಇದನ್ನೆಲ್ಲ ಮಾಡಬೇಕು.

ತೀರ್ಥಹಳ್ಳಿ ತೋಟ:

ಅಕ್ಕಾ, ನಿಮ್ಮ ಮಾತು ನಿಜವಾಯಿತು. ಇಪ್ಪತ್ತು ಸಲ ಒತ್ತಿದರೂ ಗಾಳಿಗುಳ್ಳೆ ನಿಲ್ಲಲಿಲ್ಲ. ಪೈಪನ್ನು ಬೆರಳಲ್ಲಿ ಬಗ್ಗಿಸಿದರೆ ಟ್ಯಾಂಕಿಗೆ ಸೇರುವ ಕಡೆ ಉಗುರು ಗೀರಿದಂತೆ ಒಂದು ಬಿರುಕು. ಪೇಟೆಯಿಂದ ಹೊಸ ಪೈಪ್, ಟ್ಯಾಂಕ್ ಫಿಲ್ಟರ್ ಎರಡೂ ತಂದು ಹಾಕಿದೆ, ಹೊಸ ಪೆಟ್ರೋಲ್ ಒಂದು ಲೀಟರ್ ತಂದೆ. ಮೇಷ್ಟ್ರು ಹೇಳಿದಂತೆ ಹಳೆಯದನ್ನು ಸೀಸೆಯಲ್ಲಿಟ್ಟಿದ್ದೆ, ತಳದಲ್ಲಿ ಒಂದು ಬೆರಳಗಲ ಬೇರೆಯೇ ಪದರ ನಿಂತಿದೆ.

ಈಗ ಏರಿಳಿತ ಬಹಳ ಕಡಿಮೆಯಾಗಿದೆ. ಆದರೂ ಕೈ ಬಿಟ್ಟ ಮೇಲೆ ಅರ್ಧ ನಿಮಿಷಕ್ಕೆ ನಿಲ್ಲುತ್ತದೆ.

ಬೆಂಗಳೂರು ತಾರಸಿ ತೋಟ:

ಇಷ್ಟೆಲ್ಲ ಕಷ್ಟ ಏಕೆ? ಆನ್‌ಲೈನಿನಲ್ಲಿ ಹೊಸ ಕಾರ್ಬುರೇಟರ್ ಕಡಿಮೆ ಬೆಲೆಗೆ ಸಿಗುತ್ತದೆ. ಹಳೆಯದನ್ನು ಬಿಸಾಡಿ ಹೊಸದು ಕೂರಿಸಿದರೆ ಒಂದು ಗಂಟೆಯ ಕೆಲಸ.

ಕೊಪ್ಪದ ಮೆಕ್ಯಾನಿಕ್:

ಒಳಗೆ ತುಕ್ಕು ಹಿಡಿದು ಬಿಳಿ ಹೊಪ್ಪಳೆ ಎದ್ದಿದ್ದರೆ ನಾನೂ ಹಾಗೆಯೇ ಹೇಳುತ್ತೇನೆ. ಅದಿಲ್ಲದಿದ್ದರೆ ಬೇಡ. ಅಗ್ಗದ ನಕಲಿಗಳಲ್ಲಿ ಜೆಟ್ಟಿನ ಅಳತೆ ನಿಮ್ಮ ಎಂಜಿನ್ನಿಗೆ ಕೂಡಿ ಬರುತ್ತದೆ ಎಂಬ ಭರವಸೆ ಇಲ್ಲ. ನಾನು ಹಾಕಿಕೊಟ್ಟವುಗಳಲ್ಲಿ ಕೆಲವು ಮೊದಲ ದಿನದಿಂದಲೇ ಐಡ್ಲಿಂಗ್ ಕೂರದೆ ವಾಪಸ್ ಬಂದಿವೆ. ಡಯಾಫ್ರಾಂ ಮತ್ತು ಗ್ಯಾಸ್ಕೆಟ್ (ಜೋಡಣೆಯ ಸಂದಿನಲ್ಲಿ ಸೋರದಂತೆ ಇಡುವ ತೆಳು ಹಾಳೆ) ಕಿಟ್ ಕಾರ್ಬುರೇಟರಿಗಿಂತ ಬಹಳ ಅಗ್ಗ.

ತೀರ್ಥಹಳ್ಳಿ ಅಣ್ಣ, ಈಗ ಬಿಚ್ಚಿ. ಪ್ಲಗ್ ಕ್ಯಾಪ್ ತೆಗೆಯಿರಿ, ಎಂಜಿನ್ ಪೂರ್ತಿ ಆರಿರಲಿ, ಒಲೆ ದೀಪ ಹತ್ತಿರ ಇರಬಾರದು. ಒಂದೊಂದು ಭಾಗ ತೆಗೆಯುವಾಗಲೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಗ್ಯಾಸ್ಕೆಟ್ ಮತ್ತು ಡಯಾಫ್ರಾಂ ಯಾವುದು ಒಳಗೆ, ಯಾವುದು ಹೊರಗೆ ಎಂಬುದು ಎರಡು ಬದಿಯಲ್ಲಿ ಒಂದೇ ರೀತಿ ಇರುವುದಿಲ್ಲ. ಅದಲುಬದಲಾದರೆ ಯಂತ್ರ ಹತ್ತುವುದೇ ಇಲ್ಲ. ಪೆಟ್ರೋಲ್ ಅಳೆದು ಕೊಡುವ ಡಯಾಫ್ರಾಂ ಕೆಳಗೆ ಪುಟ್ಟ ಸನ್ನೆ ಕಾಣುತ್ತದೆ, ಅದನ್ನು ಬಗ್ಗಿಸಬೇಡಿ. ಅದರ ಸ್ಪ್ರಿಂಗ್ ಹಾರಿದರೆ ಹುಡುಕಿ ಸಿಗುವುದಿಲ್ಲ, ಆದ್ದರಿಂದ ಬಟ್ಟೆ ಹಾಸಿಕೊಂಡೇ ಕೂರಿ. ರಬ್ಬರ್ ಭಾಗಗಳನ್ನು ಕ್ಲೀನರಿನಲ್ಲಿ ನೆನೆಸಬಾರದು.

ತೀರ್ಥಹಳ್ಳಿ ತೋಟ:

ಇವತ್ತು ಬೆಳಗ್ಗೆ ಜಗಲಿಯಲ್ಲಿ ಬಿಳಿ ಪಂಚೆ ಹಾಸಿಕೊಂಡು ಕೂತೆ. ಮಗಳು ಪ್ರತಿ ಹಂತಕ್ಕೂ ಫೋಟೊ ತೆಗೆದಳು. ನಾಲ್ಕು ಸ್ಕ್ರೂ ತೆಗೆದು ಮುಚ್ಚಳ ಎತ್ತಿದಾಗಲೇ ತಿಳಿಯಿತು. ಹೊಸ ಕಿಟ್ಟಿನ ಡಯಾಫ್ರಾಂ ಬಾಳೆಯ ಸುಳಿಯಂತೆ ಮೆದು, ಬೆರಳ ತುದಿಯಲ್ಲಿ ಒತ್ತಿದರೆ ಬಳುಕುತ್ತದೆ. ನನ್ನದು ಒಣಗಿದ ಅಡಿಕೆ ಹಾಳೆಯಂತೆ ಸೆಟೆದುಕೊಂಡಿತ್ತು. ಕಿವಿಯ ಹತ್ತಿರ ಅಲುಗಿಸಿದರೆ ಪರಪರ ಸದ್ದು ಬರುತ್ತದೆ. ಒಳಗೆ ತುಕ್ಕಿಲ್ಲ, ಕಂದು ಅಂಟು ಮಾತ್ರ. ಲೋಹದ ಭಾಗಕ್ಕೆ ಕ್ಲೀನರ್ ಹಾಯಿಸಿ, ಹೊಸ ಕಿಟ್ ಹಾಕಿ ಜೋಡಿಸಿದೆ.

ಐಡ್ಲಿಂಗ್ ಕೂತಿತು! ಹತ್ತು ನಿಮಿಷ ಅಲುಗದೆ ಓಡಿತು, ಬ್ಲೇಡ್ ನಿಂತೇ ಇತ್ತು. ಸಂತೋಷದಿಂದ ತೋಟಕ್ಕೆ ಹೋದೆ. ಅರ್ಧ ಗಂಟೆ ಹುಲ್ಲು ಸವರಿ ಎಂಜಿನ್ ಚೆನ್ನಾಗಿ ಕಾದ ಮೇಲೆ ಕೈ ಬಿಟ್ಟರೆ ಮತ್ತೆ ಅದೇ ಏರಿಳಿತ, ನಿಂತುಹೋಯಿತು. ಆರಿದ ಮೇಲೆ ಸರಿ. ಈಗ ಏನು?

ನಿವೃತ್ತ ಐಟಿಐ ಮೇಷ್ಟ್ರು:

ತಣ್ಣಗಿದ್ದಾಗ ಸರಿ, ಕಾದಾಗ ತಪ್ಪು ಎಂದರೆ ನನಗೆ ತೋಚುವುದು ಎರಡು. ಒಂದು ವಾಲ್ವಿನ ಸಂದು, ಅಂದರೆ ಟ್ಯಾಪೆಟ್. ವಾಲ್ವಿನ ಆಸನ ಸವೆದಂತೆ ಈ ಸಂದು ಕಿರಿದಾಗುತ್ತದೆ. ಕಾದಾಗ ವಾಲ್ವ್ ಹಿಗ್ಗಿ ಪೂರ್ತಿ ಮುಚ್ಚುವುದಿಲ್ಲ, ಐಡ್ಲಿಂಗಿನಲ್ಲಿ ಒತ್ತಡ ಸೋರುತ್ತದೆ. ಈ ಗಾತ್ರದ ಸಾಮಾನ್ಯ ಎಂಜಿನ್ನೊಂದರಲ್ಲಿ ಒಳವಾಲ್ವಿಗೆ 0.08 ಮಿ.ಮೀ., ಹೊರವಾಲ್ವಿಗೆ 0.11 ಮಿ.ಮೀ. ಕೊಟ್ಟಿರುತ್ತಾರೆ. ನಿಮ್ಮ ಕೈಪಿಡಿಯ ಅಂಕಿಯನ್ನೇ ಹಿಡಿಯಿರಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ಫೀಲರ್ ಗೇಜ್ ಇಟ್ಟು ಅಳೆಯಬೇಕು.

ಎರಡನೆಯದು ಕಳ್ಳಗಾಳಿ. ಇದನ್ನೇ ಮೊದಲು ನೋಡಿ, ಏಕೆಂದರೆ ನೀವು ಇವತ್ತು ತಾನೇ ಕಾರ್ಬುರೇಟರ್ ಬಿಚ್ಚಿ ಕೂರಿಸಿದ್ದೀರಿ. ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವೆ ಶಾಖ ತಡೆಯುವ ಪ್ಲಾಸ್ಟಿಕ್ ತುಂಡಿದೆ, ಅದರ ಎರಡು ಬದಿಯಲ್ಲೂ ಕಾಗದದ ಗ್ಯಾಸ್ಕೆಟ್. ಕೆಲವರು ಕಾದ ಎಂಜಿನ್ನಿನ ಮೇಲೆ ಕ್ಲೀನರ್ ಸಿಂಪಡಿಸಿ ಪರೀಕ್ಷಿಸುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ, ಬೆಂಕಿ ಹತ್ತುತ್ತದೆ. ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ತುಂಬಿ, ಎಂಜಿನ್ ಓಡುತ್ತಿರುವಾಗ ಆ ಜೋಡಣೆಯ ಸುತ್ತ ಮಾತ್ರ ಸ್ವಲ್ಪ ಸ್ವಲ್ಪ ಹಾಕಿ. ಸೈಲೆನ್ಸರಿಗೂ ಪ್ಲಗ್ಗಿಗೂ ತಾಗಬಾರದು. ಹಾಕಿದ ಕ್ಷಣ ಶಬ್ದ ಬದಲಾದರೆ ಗಾಳಿ ಅಲ್ಲಿಂದಲೇ ನುಗ್ಗುತ್ತಿದೆ.

ತೀರ್ಥಹಳ್ಳಿ ತೋಟ:

ಸೋಪಿನ ನೀರು ಹಾಕಿದ ಕ್ಷಣ ಏರಿಳಿತ ನಿಂತು ಶಬ್ದ ಸಮವಾಯಿತು, ನೀರು ಒಳಗೆ ಎಳೆದದ್ದು ಕಣ್ಣಿಗೆ ಕಂಡಿತು. ಬಿಚ್ಚಿ ನೋಡಿದರೆ ಕಾಗದದ ಗ್ಯಾಸ್ಕೆಟ್ಟಿನ ಒಂದು ಮೂಲೆ ಹರಿದು ಮಡಚಿಕೊಂಡಿದೆ. ನಿನ್ನೆ ಕಾರ್ಬುರೇಟರ್ ಎತ್ತುವಾಗ ಅಂಟಿಕೊಂಡಿದ್ದನ್ನು ನಾನೇ ಎಳೆದು ಹರಿದಿದ್ದೇನೆ, ಗಮನಕ್ಕೆ ಬರಲಿಲ್ಲ. ಕಿಟ್ಟಿನಲ್ಲಿ ಹೊಸದಿತ್ತು, ಅದು ಯಾವುದಕ್ಕೆಂದು ತಿಳಿಯದೆ ಪೊಟ್ಟಣದಲ್ಲಿಯೇ ಬಿಟ್ಟಿದ್ದೆ. ಹಳೆಯ ಕಾಗದವನ್ನು ಮರದ ಚಕ್ಕೆಯಿಂದ ಕೆರೆದು, ಹೊಸದನ್ನು ಒಣದಾಗಿಯೇ ಇಟ್ಟು, ಎರಡು ಬೋಲ್ಟನ್ನೂ ಸ್ವಲ್ಪ ಸ್ವಲ್ಪವಾಗಿ ಸರದಿಯಂತೆ ಬಿಗಿ ಮಾಡಿದೆ.

ಒಂದೂವರೆ ಗಂಟೆ ಸವರಿದೆ. ಐದಾರು ಸಲ ಬೇಕೆಂದೇ ಕೈ ಬಿಟ್ಟೆ. ಪ್ರತಿ ಸಲವೂ ಬ್ಲೇಡ್ ನಿಂತಿತು, ಎಂಜಿನ್ ನಿಲ್ಲಲಿಲ್ಲ.

ಕೊಪ್ಪದ ಮೆಕ್ಯಾನಿಕ್:

ಬಹಳ ಸಂತೋಷ. ಈಗ ಐಡ್ಲಿಂಗ್ ಸ್ಕ್ರೂವನ್ನು ಕೊನೆಯದಾಗಿ ಹೊಂದಿಸಿ. ಎಂಜಿನ್ ಕಾದಿರಲಿ, ಏರ್ ಫಿಲ್ಟರ್ ಮುಚ್ಚಿರಲಿ. ಸ್ಕ್ರೂವನ್ನು ಕಾಲು ಸುತ್ತಿನಂತೆ ಇಳಿಸುತ್ತಾ ಬನ್ನಿ, ತಡವರಿಸುವ ಜಾಗ ಸಿಕ್ಕಿದಾಗ ಅಲ್ಲಿಂದ ಕಾಲು ಸುತ್ತು ಮೇಲಕ್ಕೆ. ಈ ಜಾತಿಯ ಎಂಜಿನ್ನುಗಳ ಐಡ್ಲಿಂಗ್ ನಿಮಿಷಕ್ಕೆ ಸುಮಾರು 3,000 ಸುತ್ತು, ಬೈಕಿನ ಐಡ್ಲಿಂಗಿಗಿಂತ ಚುರುಕು. ಬೈಕಿನ ಶಬ್ದಕ್ಕೆ ಹೋಲಿಸಿ ತೀರಾ ಇಳಿಸಬೇಡಿ. ಆಯಿಲ್ ಕೂಡ ಬದಲಿಸಿಬಿಡಿ. ಹಿಡಿಯುವುದು 100 ಮಿಲಿ ಮಾತ್ರ, ತುಂಬಿ ತುಳುಕಿಸಿದರೆ ಫಿಲ್ಟರಿಗೆ ಹೋಗುತ್ತದೆ.

ಕೊಯ್ಲು ಮುಗಿದು ಅಟ್ಟಕ್ಕೆ ಏರಿಸುವ ದಿನ ಟ್ಯಾಂಕ್ ಪೂರ್ತಿ ಬಸಿದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ.

ಓಹಾಯೋ ಕನ್ನಡಿಗ:

ಈ ಸೋಪಿನ ನೀರಿನ ಪರೀಕ್ಷೆ ನನಗೆ ಗೊತ್ತಿರಲಿಲ್ಲ. ಪಕ್ಕದ ಮನೆಯವರ ಯಂತ್ರವೂ ಕಾದಾಗ ಹೀಗೆಯೇ ಮಾಡುತ್ತದೆ, ಶನಿವಾರ ನೋಡುತ್ತೇನೆ.

ತೀರ್ಥಹಳ್ಳಿ ತೋಟ:

ಎಲ್ಲರಿಗೂ ಮನಸಾರೆ ಧನ್ಯವಾದ. ಒಂದು ಎಕರೆ ಮುಗಿಯಿತು, ನಾಳೆ ಹಳ್ಳದ ಬದಿಯ ಭಾಗ. ಕೊನೆಯ ಒಂದು ಪ್ರಶ್ನೆ. ಆ ಕ್ಯಾನಿನಲ್ಲಿ ಇನ್ನೂ ಮೂರು ಲೀಟರ್ ಹಳೆಯ ಪೆಟ್ರೋಲ್ ಉಳಿದಿದೆ. ಜೀಪಿಗೆ ಹಾಕಬಹುದೇ?

ಕೊಪ್ಪದ ಮೆಕ್ಯಾನಿಕ್:

ಪದರ ಬೇರ್ಪಟ್ಟಿದೆ ಎಂದಿರಿ, ಹಾಗಾದರೆ ಬೇಡ. ಗೆರೆ ಇಲ್ಲದೆ ತಿಳಿಯಾಗಿದ್ದರೆ ತುಂಬಿದ ಟ್ಯಾಂಕಿಗೆ ಅರ್ಧ ಲೀಟರಿನಂತೆ ಸೇರಿಸಬಹುದಿತ್ತು. ಹಳ್ಳದ ಹತ್ತಿರವಾಗಲಿ ಬಾವಿಯ ಕಟ್ಟೆಯ ಬಳಿಯಾಗಲಿ ಚೆಲ್ಲಬೇಡಿ, ಕಸ ಸುಡಲೂ ಬಳಸಬೇಡಿ. ಕ್ಯಾನಿನ ಮುಚ್ಚಳ ಬಿಗಿ ಮಾಡಿ "ಹಳೆಯದು" ಎಂದು ಬರೆದು, ಕೊಪ್ಪದ ಕಡೆ ಬಂದಾಗ ನನ್ನ ಅಂಗಡಿಗೆ ತನ್ನಿ. ಬಳಸಿದ ಆಯಿಲ್ ಒಯ್ಯುವವರು ಬರುತ್ತಾರೆ, ಇದನ್ನೂ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ ನೋಡುತ್ತೇನೆ.